ರಜೆಯ ಮೇಲೆ ಹೋದ ಉಷ್ಣಮಾಪಕದ ಜಾಗಕ್ಕೆ ನನ್ನನ್ನು ನೇಮಿಸುವ ಬಗ್ಗೆ

ಇಂದ:
ಲಾಂಡ್ರಿ ಮಹಡಿ ಅಜ್ಜಿ
(ಬೀದಿಯಲ್ಲಿ ಹೀಗೆಂದು ಕೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ),
ತಗಡಿನ ಛಾವಣಿಯ ಒಂಟಿ ಕೋಣೆ,
ಆಸ್ಪತ್ರೆ ಬಟ್ಟೆ ಒಗೆಯುವ ಲಾಂಡ್ರಿಯ ಮೇಲೆ.

ಗೆ:
ಮಾನ್ಯ ಬಿಸಿಲು ನಿರ್ವಹಣಾಧಿಕಾರಿಗಳು,
ವಾರ್ಡ್ ಕಚೇರಿ, ಮೊದಲನೆಯ ಮಹಡಿ,
ಪರದೆ ಎಳೆದಿರುವ ಕೋಣೆ.

ವಿಷಯ: ತಮ್ಮ ಕಚೇರಿಯ ಉಷ್ಣಮಾಪಕವು ಬಿಸಿಲು ತಾಗಿ ಮೂವತ್ತು ದಿನಗಳ ವಿಶ್ರಾಂತಿಗೆ ತೆರಳಿರುವ ಕಾರಣ, ತೆರವಾದ ಆ ಸ್ಥಾನಕ್ಕೆ ನನ್ನನ್ನು ತಾತ್ಕಾಲಿಕವಾಗಿ ನೇಮಿಸುವಂತೆ ಕೋರಿಕೆ.

ಉಲ್ಲೇಖ:
(ಅ) ಅತಿ ಬಿಸಿಲಿನ ದಿನಗಳ ಕುರಿತ ತಮ್ಮ ಸುತ್ತೋಲೆ. ನೋಟಿಸ್ ಬೋರ್ಡಿನ ಗಾಜಿನೊಳಗಿದೆ. ಬಿಸಿಲಿಗೆ ಅಕ್ಷರ ಮಾಸಿದೆ.
(ಆ) ಇದೇ ವಿಷಯವಾಗಿ ನಾನು ತಮ್ಮನ್ನು ಕಾಣಲು ಬಂದ ಮೂರು ಸಲ. ಅದರಲ್ಲಿ ತಾವು ಇದ್ದ ಒಂದು ಸಲ.
(ಇ) ಮಾಲಿಗೆ ನೀಡಿರುವ ಮೆಮೊ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ತಮ್ಮ ಕೋಣೆಯಲ್ಲಿ ಎಷ್ಟು ಹೊತ್ತು ಕುಳಿತು ಓದಿದರೂ ಆಯಾಸವಾಗುವುದಿಲ್ಲ ಎಂಬ ಧೈರ್ಯದಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆದಿದ್ದೇನೆ.

೧. ನನಗೆ ಅರವತ್ತೊಂಬತ್ತು ವರ್ಷ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದೇನೆ. ಮೂವತ್ತು ವರ್ಷ ಹೈಸ್ಕೂಲೊಂದರ ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾಗಿದ್ದೇನೆ. ಮಗ ಲಾರಿ ಓಡಿಸುತ್ತಾನೆ. ತಿಂಗಳಲ್ಲಿ ಎಂಟು ದಿನ ಮನೆಯಲ್ಲಿರುತ್ತಾನೆ. ಉಳಿದ ದಿನ ನಾನು ಮತ್ತು ಸೊಸೆ. ಸೊಸೆ ಕೆಳಗಿನ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸುಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಾಳೆ. ಅದು ಕೈ ಇಸ್ತ್ರಿಯಲ್ಲ, ಮಂಚದಷ್ಟು ಉದ್ದದ ಉರುಳೆ. ಒದ್ದೆ ಬಟ್ಟೆ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಹಬೆಯಾಡುತ್ತಾ ಬರುತ್ತದೆ. ಲಾಂಡ್ರಿಯ ತಾರಸಿಯೇ ನಮ್ಮ ಕೋಣೆಯ ನೆಲ. ಕೆಳಗಿನಿಂದ ಹಬೆ, ಮೇಲಿನಿಂದ ತಗಡು, ನಡುವೆ ನಾನು.

೨. ತಮ್ಮ ಸುತ್ತೋಲೆಯ ಪ್ರಕಾರ ಕಚೇರಿ ತೋಟದ ಉಷ್ಣಮಾಪಕವು ನಲವತ್ತೆರಡು ಡಿಗ್ರಿ ತೋರಿಸಿದ ದಿನ ‘ಅತಿ ಬಿಸಿಲಿನ ದಿನ’ ಎಂದು ಸೈರನ್ ಮೂಲಕ ಘೋಷಣೆಯಾಗತಕ್ಕದ್ದು. ಅಂದು ಬೆಂಕಿ, ಹಬೆ, ಕುಲುಮೆಗಳಿರುವ ಎಲ್ಲ ಕೆಲಸದ ಜಾಗಗಳು ಘೋಷಣೆಯ ಕ್ಷಣದಿಂದ ನಾಲ್ಕರವರೆಗೂ, ಮರುದಿನ ಹನ್ನೆರಡರಿಂದ ನಾಲ್ಕರವರೆಗೂ ಮುಚ್ಚತಕ್ಕದ್ದು. ಕಚೇರಿಯ ಕೆಳಗಿನ ಸಭಾಂಗಣವನ್ನು ಸಾರ್ವಜನಿಕರಿಗೆ ತೆರೆದು ಕೂಲರ್ ಹಾಕತಕ್ಕದ್ದು. ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿತು. ಯಾರೋ ಕುಳಿತು, ಹಬೆಯ ಪಕ್ಕ ನಿಲ್ಲುವವರನ್ನು ನೆನೆದು, ಇಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರಲ್ಲ ಎನ್ನಿಸಿತು. ಈಗಲೂ ಸುತ್ತೋಲೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಅದು ಚೆನ್ನಾಗಿದೆ. ಜಾರಿಗೆ ಬಂದಿಲ್ಲವಾದ ಕಾರಣ ಇನ್ನೂ ಹೊಸದರಂತೆಯೇ ಇದೆ.

೩. ಏಕೆಂದರೆ ಈ ಬೇಸಿಗೆಯ ಮೊದಲ ಮೂವತ್ತೇಳು ದಿನಗಳಲ್ಲಿ ಉಷ್ಣಮಾಪಕವು ನಲವತ್ತೊಂದೂವರೆ, ನಲವತ್ತೊಂದು ಮುಕ್ಕಾಲು, ಹೀಗೆ ಬಾಗಿಲವರೆಗೆ ಬಂದು ಒಳಗೆ ಕಾಲಿಡಲು ಸಂಕೋಚಪಡುವ ನೆಂಟರ ಹಾಗೆ ವರ್ತಿಸಿತು. ಅದೇ ದಿನಗಳಲ್ಲಿ ನಮ್ಮ ಬೀದಿಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಎದುರು ಮನೆಯ ಮುದುಕರು ಮಧ್ಯಾಹ್ನ ಹೊಸ್ತಿಲ ಮೇಲೆ ಒದ್ದೆ ಟವೆಲ್ ಹೊದ್ದು ಕೂರುತ್ತಿದ್ದರು. ರಸ್ತೆ ಅಗಲ ಮಾಡಲು ಮರ ಕಡಿಯುವ ಮುಂಚೆ ಅದೇ ಜಾಗದಲ್ಲಿ ಅವರು ಶಾಲು ಹೊದ್ದು ಪೇಪರ್ ಓದುತ್ತಿದ್ದದ್ದನ್ನು ನಾನು ಕಂಡಿದ್ದೇನೆ.

೪. ಲಾಂಡ್ರಿಯ ಮಾಲೀಕರು ಕೆಟ್ಟವರಲ್ಲ. ಮಧ್ಯಾಹ್ನ ಮೂರಕ್ಕೆ ತಮ್ಮ ಮನೆಯ ಫ್ರಿಜ್ಜಿನಿಂದ ಐಸ್ ತರಿಸಿ ಕೆಲಸದವರಿಗೆಲ್ಲ ಹಂಚುತ್ತಾರೆ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಸಿದ್ದಾರೆ. ನಾನು ಕೇಳಿದ್ದಕ್ಕೆ ಹೀಗೆಂದರು:

“ಅಮ್ಮಾ, ನಾನೇನು ರಾಕ್ಷಸನಾ? ಆ ಕಡ್ಡಿ ಒಂದ್ಸಲ ನಲವತ್ತೆರಡು ಅನ್ಲಿ, ಮರುಕ್ಷಣ ಸ್ವಿಚ್ ಆರಿಸ್ತೀನಿ. ಘೋಷಣೆ ಇಲ್ದೆ ನಿಲ್ಸಿದ್ರೆ ಆಸ್ಪತ್ರೆಯವರು ಬಟ್ಟೆ ಬೇರೆ ಕಡೆ ಕೊಡ್ತಾರೆ. ಆಗ ನಿಮ್ಮ ಸೊಸೆ ತಂಪಾಗಿ ಮನೇಲಿರ್ತಾಳೆ, ಒಲೇನೂ ತಂಪಾಗಿರುತ್ತೆ.”

ಅವರ ಮಾತಿನಲ್ಲಿ ನ್ಯಾಯವಿತ್ತು.

೫. ನಮ್ಮ ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಒಂದಿತ್ತು. ಕುತೂಹಲಕ್ಕೆ ಅದನ್ನು ಗೋಡೆಗೆ ತೂಗುಹಾಕಿದೆ. ಹನ್ನೊಂದು ಗಂಟೆಯೊಳಗೆ ಪಾದರಸ ತುದಿ ಮುಟ್ಟಿತು. ಅದರ ಕೊನೆಯ ಗೆರೆ ನಲವತ್ತೆರಡು. ಅದಕ್ಕಿಂತ ಮೇಲೆ ಮನುಷ್ಯ ಉಳಿದಿರುವುದಿಲ್ಲ ಎಂದು ತಯಾರಿಸಿದವರು ಭಾವಿಸಿರಬೇಕು. ಗೋಡೆಗೆ ಜ್ವರ ಬಂದಿದೆ ಎಂದು ಯಾರಲ್ಲಿಗೆ ಕರೆದೊಯ್ಯುವುದೋ ತಿಳಿಯದೆ ತಮ್ಮ ಕಚೇರಿಗೆ ಬಂದೆ.

೬. ಬಂದ ದಿನ ತಾವು ಸಭೆಯಲ್ಲಿದ್ದಿರಿ. ಅಳತೆ ಬರೆಯುವ ಗುಮಾಸ್ತೆ ತಾನು ಎದ್ದು, ಫ್ಯಾನಿನ ಕೆಳಗಿನ ತನ್ನ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ನೀರು ಕೊಟ್ಟಳು. “ನಾನು ಕಂಡಿದ್ದನ್ನ ಬರೀತೀನಿ ಅಜ್ಜಿ, ಎರಡೂವರೆಗೆ ಸರಿಯಾಗಿ. ಬೇಕಾದ್ರೆ ನೀವೇ ಬಂದು ನೋಡಿ,” ಎಂದಳು. ಎರಡೂವರೆಗೆ ಇನ್ನೂ ಸಮಯವಿದ್ದ ಕಾರಣ ನಾನು ತೋಟಕ್ಕೆ ಹೋದೆ. ಹುಲ್ಲುಹಾಸಿನ ನಡುವೆ, ನಾಲ್ಕು ಕಾಲಿನ ಮೇಲೆ, ಬಿಳಿ ಬಣ್ಣದ, ಗಾಳಿಯಾಡಲು ಸೀಳುಗಳಿರುವ ಮರದ ಪೆಟ್ಟಿಗೆ. ಒಳಗೆ ಉಷ್ಣಮಾಪಕ, ಸುತ್ತ ಬೇಲಿ. ಪೆಟ್ಟಿಗೆಯ ಮೇಲೆ ನೆನೆಸಿದ ಗೋಣಿಚೀಲ. ಮಾಲಿ ಪೈಪು ಹಿಡಿದು ಅದಕ್ಕೆ ನಿಧಾನವಾಗಿ ನೀರು ಬಿಡುತ್ತಿದ್ದರು.

“ಮಟಮಟ ಮಧ್ಯಾಹ್ನ ಗಿಡಕ್ಕೆ ನೀರು ಹಾಕ್ತಾರೇನಪ್ಪಾ?” ಎಂದೆ.

“ಗಿಡಕ್ಕಲ್ಲಮ್ಮಾ. ಇವರಿಗೆ,” ಎಂದು ಪೆಟ್ಟಿಗೆಯತ್ತ ಕೈ ತೋರಿಸಿದರು.

“ಇವರಿಗ್ಯಾಕೆ ನೀರು?”

“ಹಳೇ ಸಾಹೇಬ್ರು ವರ್ಗ ಆಗಿ ಹೋಗೋವಾಗ ನನ್ನ ಕರೆದು ಹೇಳಿದ್ರು. ನೋಡಪ್ಪಾ, ಇದು ನಲವತ್ತೆರಡು ದಾಟಿದ್ರೆ ಜನಕ್ಕೆ ಭಾರೀ ತೊಂದ್ರೆ, ಹುಷಾರು ಅಂತ. ಅದಕ್ಕೇ ನಾನು ದಾಟೋಕೆ ಬಿಟ್ಟಿಲ್ಲ.” ಅವರ ಮುಖದಲ್ಲಿ ಹೆಮ್ಮೆಯಿತ್ತು. “ಒಂಬತ್ತು ವರ್ಷ ಆಯ್ತು. ಮಗಳ ಮದುವೆ ದಿನಾನೂ ಹನ್ನೆರಡಕ್ಕೆ ಓಡಿ ಬಂದು ನೀರು ಹಾಕಿ ಹೋದೆ. ಬೀಗರು, ಎಲ್ಲಿ ಹುಡುಗಿ ಅಪ್ಪ ಅಂತ ಹುಡುಕ್ತಾ ಇದ್ರಂತೆ.”

ಎರಡೂಕಾಲಿಗೆ ಗೋಣಿ ತೆಗೆದು ಹಿಂಡಿ, ಒಣಬಟ್ಟೆಯಿಂದ ಪೆಟ್ಟಿಗೆ ಒರೆಸಿದರು. ಅಳತೆ ಬರೆಯುವಾಕೆಯ ಸೀರೆ ಒದ್ದೆಯಾಗಬಾರದಲ್ಲ. ಅವಳು ಬಂದು ಬಾಗಿಲು ತೆರೆದು ನಲವತ್ತೊಂದು ಪಾಯಿಂಟ್ ಆರು ಎಂದು ಬರೆದುಕೊಂಡಳು. ಕಂಡದ್ದನ್ನೇ ಬರೆದಳು. ಸುಳ್ಳು ಬರೆಯಲಿಲ್ಲ.

ಊರಿನ ಸಂಕಟವನ್ನು ಒಂಬತ್ತು ವರ್ಷದಿಂದ ತಾನೊಬ್ಬನೇ ತಡೆದು ನಿಲ್ಲಿಸಿದ್ದೇನೆಂದು ನಂಬಿದ್ದ ಆ ಮನುಷ್ಯನಿಗೆ ನಿಜ ಹೇಳಲು ನನಗೆ ಮನಸ್ಸು ಬರಲಿಲ್ಲ. “ಒಳ್ಳೇ ಕೆಲಸ ಮಾಡ್ತಿದೀರಪ್ಪಾ,” ಎಂದು ಹೇಳಿ ಮನೆಗೆ ಬಂದೆ. ಇದು ನನ್ನ ತಪ್ಪು. ದಾಖಲಿಸಿಕೊಳ್ಳಬೇಕಾಗಿ ವಿನಂತಿ.

೭. ತಾವು ಸಿಕ್ಕಿದ್ದು ಮೂರನೆಯ ಭೇಟಿಯಲ್ಲಿ. ಮಾಲಿಯ ಹೆಸರೆತ್ತದೆ, ಪೆಟ್ಟಿಗೆ ಸ್ವಲ್ಪ ಒದ್ದೆ ಇರಬಹುದೇ ಪರೀಕ್ಷಿಸಿ ಎಂದಷ್ಟೇ ಹೇಳಿದೆ. ತಾವು ಗೋಡೆಯ ಮೇಲಿನ ಫಲಕವನ್ನು ತೋರಿಸಿದಿರಿ. ‘ಸತತ ಒಂಬತ್ತು ವರ್ಷ ಅತಿ ಬಿಸಿಲು ಮುಕ್ತ ವಾರ್ಡ್’ ಎಂದಿತ್ತು.

“ಹವಾಮಾನ ಬದಲಾವಣೆ ಅನ್ನೋದು ಜಾಗತಿಕ ವಿಷಯ ಅಮ್ಮಾ,” ಎಂದಿರಿ. “ನಮ್ಮದು ಎರಡು ಚದರ ಕಿಲೋಮೀಟರ್. ನಮಗಿನ್ನೂ ಆ ಬಗ್ಗೆ ಮೇಲಿನಿಂದ ಏನೂ ಬಂದಿಲ್ಲ.”

ಮೇಲಿನಿಂದ ಬರುವುದು ನಮ್ಮ ತಗಡಿಗೆ ನೇರವಾಗಿ ಬರುತ್ತಿದೆ, ತಮ್ಮ ಕಚೇರಿಯ ಮೂಲಕ ಬರುತ್ತಿಲ್ಲ ಎಂದು ಹೇಳೋಣವೆಂದಿದ್ದೆ. ಅಷ್ಟರಲ್ಲಿ ತಾವು, “ಏಸಿ ಜಾಸ್ತಿ ಆಯ್ತಾ ಅಮ್ಮಾ? ಕಮ್ಮಿ ಮಾಡ್ಲಾ?” ಎಂದು ಕೇಳಿದಿರಿ. ವಯಸ್ಸಾದವರ ಬಗ್ಗೆ ತಮಗಿರುವ ಕಾಳಜಿಯನ್ನು ನಾನು ಮರೆಯುವುದಿಲ್ಲ. ಈ ಬೇಸಿಗೆಯಲ್ಲಿ ನನಗೆ ಚಳಿಯಾದದ್ದು ಆ ಹತ್ತು ನಿಮಿಷ ಮಾತ್ರ.

೮. ಹೋದ ವಾರ ಬುಧವಾರ, ಉಷ್ಣಮಾಪಕವು ನಲವತ್ತೊಂದು ಪಾಯಿಂಟ್ ಏಳು ಎಂದು ದಾಖಲಿಸಲಿದ್ದ ಮಧ್ಯಾಹ್ನ, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ನನ್ನ ಸೊಸೆ ಉರುಳೆಯ ಮುಂದೆ ಬಿದ್ದಳು. ಬೆವರು ನಿಂತುಹೋಗಿತ್ತು. ಮೈ ಮುಟ್ಟಿದರೆ ಬಾಣಲೆಯ ಹಾಗೆ ಸುಡುತ್ತಿತ್ತು. ಮೇಲಿನಿಂದ ಓಡಿ ಬಂದ ನನ್ನ ಗುರುತು ಸಿಗದೆ, “ಟೀಚರ್, ಬೆಲ್ ಹೊಡೀತಾ?” ಎಂದಳು. ಜೊತೆಯವರು ಅವಳನ್ನು ಹಾಸುಬಟ್ಟೆಯಲ್ಲಿ ಹೊತ್ತು ಆಸ್ಪತ್ರೆಗೆ ಓಡಿದರು. ಐಸ್ ತುಂಬಿದ ಪಾತ್ರೆ ಹಿಡಿದು ಮಾಲೀಕರೂ ಓಡಿದರು. ಅವರ ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

೯. ಎರಡನೆಯ ದಿನ ಸೊಸೆಗೆ ಪೂರ್ತಿ ಎಚ್ಚರವಾಯಿತು. ಮೊದಲು ಹಾಸಿಗೆಯ ಬಟ್ಟೆಯನ್ನು ಬೆರಳಲ್ಲಿ ನೇವರಿಸಿ ನೋಡಿ, “ಅತ್ತೆ, ಈ ಮಡಿಕೆ ನನ್ನದಲ್ಲ, ಪಕ್ಕದ ಮಿಷನ್‌ದು,” ಎಂದಳು. ಆಗ ನನಗೆ ಜೀವ ಬಂತು.

ಡಾಕ್ಟರು ಕಾಗದದಲ್ಲಿ ‘ಬಳಲಿಕೆ’ ಎಂದು ಬರೆದರು.

“ಬಿಸಿಲಿಂದ್ಲೇ ಆಗಿದ್ದು ಅಂತ ನಂಗೂ ಗೊತ್ತಮ್ಮಾ,” ಎಂದರು, ತಲೆ ತಗ್ಗಿಸಿ. “ಆದ್ರೆ ಕಂಪ್ಯೂಟರಲ್ಲಿ ಬಿಸಿಲಿನ ಕಾಯಿಲೆ ಅಂತ ಒತ್ತಿದ್ರೆ ಅದು ಘೋಷಣೆ ನಂಬರ್ ಕೇಳುತ್ತೆ. ನಂಬರ್ ಇಲ್ದೆ ಮುಂದಕ್ಕೆ ಹೋಗಲ್ಲ. ಒಂದು ಮಾತು ಹೇಳ್ತೀನಿ, ಇನ್ನೊಂದ್ಸಲ ಹೀಗಾದ್ರೆ ಎದ್ದೇಳೋದು ಕಷ್ಟ.”

ಬಳಲಿಕೆಗೆ ಹತ್ತು ದಿನ ರಜೆ. ಬಿಸಿಲಿನ ಕಾಯಿಲೆಯಾಗಿದ್ದರೆ ಬೇಸಿಗೆ ಮುಗಿಯುವವರೆಗೆ ಹಬೆಯ ಕೆಲಸ ಕೊಡುವಂತಿರಲಿಲ್ಲ. ಹತ್ತು ದಿನ ನಾಳೆಗೆ ಮುಗಿಯುತ್ತದೆ. ಆಸ್ಪತ್ರೆಯ ಬಟ್ಟೆ ಕಾಯುವುದಿಲ್ಲವಾದ ಕಾರಣ ಸೋಮವಾರ ಅವಳು ಹೋಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಅವಳ ಕೈ ಇನ್ನೂ ನಡುಗುತ್ತಿದೆ. ನನಗೆ ಕಾಣಬಾರದೆಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ.

೧೦. ಅದೇ ವಾರ ಶನಿವಾರ ನಾನು ಹೋಗಿ ಮಾಲಿಗೆ ಎಲ್ಲವನ್ನೂ ಹೇಳಿದೆ. ಮೊದಲೇ ಹೇಳಬೇಕಾಗಿತ್ತು. ಭಾನುವಾರ ಅವರು ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು, ಮಲಗಿದ್ದ ಸೊಸೆಯನ್ನು ನೋಡಿ, ಗೋಡೆಯ ಮೇಲೆ ಅಂಗೈ ಇಟ್ಟು ಕೂಡಲೇ ತೆಗೆದರು.

“ನಾನು ಹಾಕಿದ ನೀರು ಇಲ್ಲಿಗೆ ಮುಟ್ಟೇ ಇಲ್ಲ, ಅಲ್ವಾಮ್ಮಾ,” ಎಂದರು.

“ನಿಮ್ಮ ತಪ್ಪಲ್ಲಪ್ಪಾ.”

“ಈಗ ಏನ್ ಮಾಡ್ಲಿ?”

“ಏನೂ ಮಾಡಬೇಡಿ. ನೀರು ಹಾಕದೆ ಇದ್ದರೆ ಸಾಕು.”

“ಏನೂ ಮಾಡದೆ ಇರೋದು ನಂಗೆ ಬರಲ್ಲಮ್ಮಾ,” ಎಂದು ಹೇಳಿ ಹೋದರು.

ಮರುದಿನ, ಸೋಮವಾರ, ಹನ್ನೆರಡರಿಂದ ಎರಡೂವರೆಯವರೆಗೆ ಅವರು ಪೈಪಿನ ಮೇಲೆ ಕೂತಿದ್ದರೆಂದು ಕಚೇರಿಯ ಕಾವಲುಗಾರ ಹೇಳಿದ. ಕೈ ತಾನಾಗಿ ನಲ್ಲಿಯತ್ತ ಹೋಗದಿರಲೆಂದು.

೧೧. ಆ ದಿನ ಉಷ್ಣಮಾಪಕ ನಲವತ್ತಮೂರು ಪಾಯಿಂಟ್ ನಾಲ್ಕು ತೋರಿಸಿತು. ಗುಮಾಸ್ತೆ ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿ, ಪೆನ್ಸಿಲ್ ಬದಿಗಿಟ್ಟು ಪೆನ್ನಿನಲ್ಲಿ ಬರೆದಳಂತೆ. ನಾನು ಕಿಟಕಿಯಲ್ಲಿ ಸೈರನ್ನಿಗಾಗಿ ಕಾದು ಕೂತಿದ್ದೆ. ನಾಲ್ಕಾಯಿತು. ಐದಾಯಿತು. ಸೈರನ್ ಆಗಲಿಲ್ಲ. ಮಾರನೆಯ ದಿನ ಈ ಕೆಳಕಂಡ ಆದೇಶಗಳು ಹೊರಬಿದ್ದದ್ದು ತಿಳಿಯಿತು:

ಉಷ್ಣಮಾಪಕವು ಅತಿಯಾದ ಶಾಖಕ್ಕೆ ಒಡ್ಡಿಕೊಂಡ ಕಾರಣ ವಿಶ್ವಾಸಾರ್ಹತೆ ಕಳೆದುಕೊಂಡಿದೆ. ಆದ್ದರಿಂದ ಅದನ್ನು ಹತ್ತಿಯಲ್ಲಿ ಸುತ್ತಿ, ಕಚೇರಿಯ ಕಾರಿನಲ್ಲಿ, ಮುಖ್ಯ ಕಚೇರಿಯ ಹವಾನಿಯಂತ್ರಿತ ಕೊಠಡಿಗೆ ಮೂವತ್ತು ದಿನಗಳ ತಪಾಸಣೆಗೆ ಕಳುಹಿಸಲಾಗಿದೆ.

ಉಪಕರಣವನ್ನು ಒಣಗಲು ಬಿಟ್ಟ ಕರ್ತವ್ಯಲೋಪಕ್ಕಾಗಿ ಮಾಲಿಗೆ ಮೆಮೊ ನೀಡಲಾಗಿದೆ.

ಮೊದಲನೆಯ ಆದೇಶವನ್ನು ನಾನು ತುಂಬು ಹೃದಯದಿಂದ ಸ್ವಾಗತಿಸುತ್ತೇನೆ. ಬಿಸಿಲು ತಾಗಿದವರನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ತಮ್ಮ ಕಚೇರಿಗೆ ಚೆನ್ನಾಗಿ ಗೊತ್ತಿದೆ ಎಂದಾಯಿತು. ಹತ್ತಿ, ಕಾರು, ತಂಪು ಕೋಣೆ, ಒಂದು ದಿನದ ಬಿಸಿಲಿಗೆ ಮೂವತ್ತು ದಿನದ ವಿಶ್ರಾಂತಿ. ಬಳಲಿಕೆ ಎಂದು ಯಾರೂ ಬರೆಯಲಿಲ್ಲ. ಅದಕ್ಕೆ ಬೇಗ ಗುಣವಾಗಲೆಂದು ಸೊಸೆಯೂ ಹಾರೈಸಿದ್ದಾಳೆ.

೧೨. ಈಗ ವಾರ್ಡಿನಲ್ಲಿ ಉಷ್ಣಾಂಶವೇ ಇಲ್ಲ. “ಗೆರೆ ಎಳೀತಾ ಇದೀನಿ ಅಜ್ಜಿ,” ಎಂದು ಗುಮಾಸ್ತೆ ಪುಸ್ತಕ ತೋರಿಸಿದಳು. ಮಂಗಳವಾರ ಒಂದು ಗೆರೆ, ಬುಧವಾರ ಒಂದು ಗೆರೆ. ಗೆರೆಗೆ ಘೋಷಣೆ ಮಾಡಲು ಸುತ್ತೋಲೆಯಲ್ಲಿ ಅವಕಾಶವಿಲ್ಲ.

೧೩. ಆದ್ದರಿಂದ, ತೆರವಾಗಿರುವ ಸ್ಥಾನಕ್ಕೆ ನಾನು ಅರ್ಜಿ ಸಲ್ಲಿಸುತ್ತಿದ್ದೇನೆ. ಉಷ್ಣಮಾಪಕವನ್ನು ನೆರಳಿನಲ್ಲೇ ಇಡಬೇಕೆಂಬ ನಿಯಮ ನನಗೆ ಗೊತ್ತು; ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟಿದ್ದೇನೆ. ಬಿಸಿಲಿನಲ್ಲಿಟ್ಟರೆ ಅದು ಗಾಳಿಯ ಉಷ್ಣವನ್ನು ಬಿಟ್ಟು ತನ್ನ ಮೈಯ ಉಷ್ಣವನ್ನು ಹೇಳತೊಡಗುತ್ತದೆ. ಮನುಷ್ಯರ ವಿಷಯದಲ್ಲಿ ಅಷ್ಟೇ ಸಾಕೆಂದು ನನ್ನ ನಮ್ರ ಅಭಿಪ್ರಾಯ. ಆ ಕಾರಣ ಕರ್ತವ್ಯದ ಸ್ಥಳ ಲಾಂಡ್ರಿಯ ಒಳಗೆ, ಉರುಳೆಯ ಪಕ್ಕ, ಒಂದು ಕುರ್ಚಿ. ವೇಳೆ ಹನ್ನೆರಡರಿಂದ ಎರಡೂವರೆ.

ನನ್ನನ್ನು ಓದುವ ಕ್ರಮ ಸುಲಭ. ನೇರವಾಗಿ ಕುಳಿತಿದ್ದರೆ ನಲವತ್ತೆರಡಕ್ಕಿಂತ ಕಡಿಮೆ. ಕೈ ಎತ್ತಿದರೆ ನಲವತ್ತೆರಡು. ಕೈ ಎತ್ತದೆ ಒಂದು ಪಕ್ಕಕ್ಕೆ ವಾಲಿದರೆ ಅದಕ್ಕಿಂತ ಹೆಚ್ಚು. ಈ ಮೂರನೆಯ ಅಳತೆಯನ್ನು ಕೂಡಲೇ ಬರೆದುಕೊಳ್ಳುವುದು ಒಳ್ಳೆಯದು, ಎರಡನೆಯ ಸಲ ನೋಡಲು ಸಿಗದೆ ಹೋಗಬಹುದು.

ಮಾಲೀಕರ ಒಪ್ಪಿಗೆ ಪಡೆದಿದ್ದೇನೆ. “ಕಚೇರಿ ಕಾಗದ ತನ್ನಿ ಅಮ್ಮಾ,” ಎಂದಿದ್ದಾರೆ. “ನೀವೇ ಥರ್ಮಾಮೀಟರ್ ಅಂತ ಸಾಹೇಬ್ರು ಸಹಿ ಹಾಕಿದ್ರೆ, ನೀವು ಕೈ ಎತ್ತಿದ ತಕ್ಷಣ ಮಿಷನ್ ಆಫ್. ದೇವರಾಣೆ.”

ಸೊಸೆಯ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.

“ನೀವು ಅಲ್ಲಿ ಬಂದು ಕೂತ್ರೆ ನಾನು ಬಟ್ಟೆ ನೋಡ್ಲಾ, ನಿಮ್ಮನ್ನ ನೋಡ್ಲಾ ಅತ್ತೆ?” ಎಂದಳು.

“ನನ್ನನ್ನೇ ನೋಡು. ಅದಕ್ಕೇ ಅಲ್ವಾ ಕೂರೋದು.”

“ಹಟ ಮಾಡ್ಬೇಡಿ. ನಿಮಗೇನಾದ್ರೂ ಆದ್ರೆ ಅವರಿಗೆ ನಾನು ಏನ್ ಹೇಳ್ಲಿ?” ಅವರು ಎಂದರೆ ನನ್ನ ಮಗ.

“ನಿನಗೇನಾದ್ರೂ ಆದ್ರೆ ನಾನು ಅವನಿಗೆ ಏನ್ ಹೇಳ್ಬೇಕು ಅಂತ ಹತ್ತು ದಿನದಿಂದ ಯೋಚಿಸ್ತಿದೀನಿ. ಇನ್ನೂ ಹೊಳೆದಿಲ್ಲ,” ಎಂದೆ. ಅವಳು ಲೋಟ ತೊಳೆಯಲು ಎದ್ದು ಹೋದಳು.

೧೪. ಮಾಲಿಯ ಮೆಮೊ ಹಿಂಪಡೆಯಬೇಕೆಂದೂ ಕೋರುತ್ತೇನೆ. ಅವರಿಗೆ ಏನೂ ಮಾಡದೆ ಇರಲು ಬರುವುದಿಲ್ಲವಾದ ಕಾರಣ, ದಿನಾ ಹನ್ನೆರಡಕ್ಕೆ ಅದೇ ಪೈಪು, ಅದೇ ಗೋಣಿಚೀಲದೊಂದಿಗೆ ಅವರನ್ನು ನಮ್ಮ ಬೀದಿಯ ತಗಡುಗಳಿಗೆ ನಿಯೋಜಿಸಬಹುದು. ಒಂಬತ್ತು ವರ್ಷದ ಅನುಭವವಿದೆ. ಮೂರು ಅಡಿಯ ಪೆಟ್ಟಿಗೆಯನ್ನು ಅಷ್ಟು ತಂಪಾಗಿಟ್ಟವರು ಮನುಷ್ಯರಿರುವ ಪೆಟ್ಟಿಗೆಗಳನ್ನೂ ಇಟ್ಟಾರು.

ಸೋಮವಾರ ನಾಳಿದ್ದೇ ಆಗಿರುವುದರಿಂದ, ಈ ಅರ್ಜಿಯನ್ನು ತಮ್ಮ ಮುಂದಿನ ಸಭೆಗೆ ಇಡುವ ಬದಲು ತಮ್ಮ ಮುಂದೆಯೇ ಇಟ್ಟುಕೊಳ್ಳಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಸಹಿಗೆ ಕೆಳಗೆ ಜಾಗ ಬಿಟ್ಟಿದ್ದೇನೆ.

ಇಷ್ಟಾದರೂ ತಮ್ಮ ಮೇಲೆ ವಿಶ್ವಾಸ ಇಟ್ಟುಕೊಂಡಿರುವ,
ಲಾಂಡ್ರಿ ಮಹಡಿ ಅಜ್ಜಿ

ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಉಷ್ಣಾಂಶ: ಒಂದು ಗೆರೆ.

ಅಡಕಗಳು:
(೧) ಕಾಲೇಜಿನ ಪದವಿ ಪತ್ರದ ನಕಲು. ಭೌತಶಾಸ್ತ್ರದ ಅಂಕಗಳಿಗೆ ಅಡಿಗೆರೆ ಹಾಕಿದ್ದೇನೆ.
(೨) ‘ಬಳಲಿಕೆ’ ಎಂದಿರುವ ಡಾಕ್ಟರ ಕಾಗದ.
(೩) ಮಾಲಿ ಒಳ್ಳೆಯ ಮನುಷ್ಯ ಎಂಬುದಕ್ಕೆ ನಮ್ಮ ಬೀದಿಯ ನಲವತ್ತು ಜನರ ಸಹಿ. ಇವರಲ್ಲಿ ಮೂವತ್ತೆಂಟು ಜನ ಅವರನ್ನು ಇನ್ನೂ ನೋಡಿಲ್ಲ. ನನ್ನ ಮಾತಿನ ಮೇಲೆ ಹಾಕಿದ್ದಾರೆ.

ವಿಶೇಷ ಸೂಚನೆ: ಆದೇಶ ಹೊರಡಲು ತಡವಾದರೂ ನಾನು ಸೋಮವಾರ ಹನ್ನೆರಡಕ್ಕೆ ಕೆಲಸಕ್ಕೆ ಹಾಜರಾಗುತ್ತೇನೆ. ಆದೇಶ ಪತ್ರದಲ್ಲಿ ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಡಬೇಕಾಗಿ ಕೋರಿಕೆ. ಅದು ಬರುವ ಹೊತ್ತಿಗೆ ಆ ಕುರ್ಚಿಯಲ್ಲಿ ಯಾರಿರುತ್ತಾರೋ ಹೇಳಲಾಗದು. ನಮ್ಮ ಬೀದಿಯಲ್ಲಿ ಇನ್ನೂ ಹನ್ನೊಂದು ಮಂದಿ ಅಜ್ಜಿಯರಿದ್ದಾರೆ, ಸರದಿ ಗೊತ್ತುಮಾಡಿಕೊಂಡಿದ್ದೇವೆ.